ದೀಪದ ಲೆಕ್ಕ

ಶ್ರಾವಣ ಮಾಸದಲ್ಲಿ ಊರೂರು ಸುತ್ತಿ ಶರಣರ ಚರಿತ್ರೆಯನ್ನು ಹೇಳಿ ಬರುವುದು ಶ್ರೀಮಠವು ನನಗೆ ಕೊಟ್ಟ ಕಾಯಕ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಇದು ನಲವತ್ತು ವರ್ಷಗಳಿಂದ ನಡೆದುಬಂದಿದೆ. ನಮ್ಮ ಕಡೆಯ ಶ್ರಾವಣವೆಂದರೆ ಹಗಲೂ ಮಳೆ, ಇರುಳೂ ಮಳೆ. ಕಂಬಳಿಕೊಪ್ಪೆ ಹೊದ್ದು ಬಂದ ಭಕ್ತರು ಜಗುಲಿಯ ಮೇಲೆ ನೀರು ಕೊಡವಿ ಕೂರುತ್ತಿದ್ದರು. ಪ್ರವಚನದ ನಡುವೆ ದೀಪ ಹೋಗುವುದೂ ವಾಡಿಕೆಯೇ ಆಗಿತ್ತು.

2023ರ ಶೋಭಕೃತು ಸಂವತ್ಸರದ ಶ್ರಾವಣ ಮಾತ್ರ ಬೇರೆ ಬಗೆಯದು. ಅಧಿಕ ಶ್ರಾವಣ ಕಳೆದು ನಿಜ ಶ್ರಾವಣ ಹಿಡಿಯುವಾಗ ಆಗಸ್ಟ್ ನಡುಭಾಗ ದಾಟಿತ್ತು. ಆ ತಿಂಗಳು ಮಳೆಯೇ ಕೈಕೊಟ್ಟಿತು. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಭಕ್ತರೊಬ್ಬರ ಮನೆಯಲ್ಲಿ ನನಗೆ ಬಿನ್ನಹವಾಗಿತ್ತು. ನಾಲ್ಕು ಎಕರೆ ಅಡಿಕೆ ತೋಟ, ಒಳ್ಳೆಯ ಮನೆ, ಅದಕ್ಕಿಂತ ಒಳ್ಳೆಯ ಮನಸ್ಸು. ಪ್ರಸಾದವಾದ ಮೇಲೆ ಯಜಮಾನರು ದೇವರ ಗೂಡಿನಿಂದ ಒಂದು ಚೀಟಿಯನ್ನು ತೆಗೆದು ತಂದು, "ಅಯ್ಯನವರೇ, ಇದನ್ನೊಂಚೂರು ಓದಿ ಅರ್ಥ ಹೇಳಿ" ಎಂದರು. ತಾಳೆಗರಿಯ ಓಲೆಯೇನೋ ಎಂದು ನಾನು ಕನ್ನಡಕ ಏರಿಸಿದೆ. ನೋಡಿದರೆ ವಿದ್ಯುತ್ ಬಿಲ್ಲು! ಕೆಳಗೆ ಕಟ್ಟಬೇಕಾದ ಮೊತ್ತದ ಎದುರಿಗೆ ಸೊನ್ನೆ ಇತ್ತು. ಜುಲೈ 1ರಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮೊದಲ ಬಿಲ್ಲು ಅದು. ಮನೆಮಂದಿಯೆಲ್ಲ ಆ ಸೊನ್ನೆಯನ್ನು ಹೊಸ ಕೂಸನ್ನು ನೋಡುವಂತೆ ನೋಡುತ್ತಿದ್ದರು. ಶೂನ್ಯವನ್ನು ಕುರಿತು ಇಷ್ಟು ವರ್ಷ ವ್ಯಾಖ್ಯಾನ ಮಾಡಿದ್ದ ನನಗೂ ಇಂಥದೊಂದು ಶೂನ್ಯ ಹೊಸದು ಎಂದೆ. ಎಲ್ಲರೂ ನಕ್ಕರು.

ಆ ರಾತ್ರಿಯ ಪ್ರವಚನ ದಾಸೋಹವನ್ನು ಕುರಿತದ್ದು. ಮಾತಿನ ನಡುವೆ ಆ ಬಿಲ್ಲನ್ನೂ ಎತ್ತಿಕೊಂಡು, ಮನೆಮನೆಗೂ ಬೆಳಕು ಮುಟ್ಟಿದ ಕಾಲವಿದು ಎಂದು ಸ್ವಲ್ಪ ಅಲಂಕಾರವಾಗಿಯೇ ಹೇಳಿಬಿಟ್ಟೆ. ಮಂಗಳವಾಗಿ ಜನ ಚದುರಿದರು. ಬಾಗಿಲ ಬಳಿ ಒಬ್ಬ ವೃದ್ಧೆ ನಿಂತೇ ಇದ್ದರು. ಕೈಯಲ್ಲಿ ಬ್ಯಾಟರಿ ಇತ್ತು, ಜೊತೆಗೆ ಒಬ್ಬಳು ಮೊಮ್ಮಗಳು.

"ಅಯ್ನೋರೆ, ಈ ಸೊನ್ನೆ ಬಿಲ್ಲು ನಮ್ಮನಿಗೂ ಬತ್ತದಾ?"

"ಬರಬೇಕಲ್ಲ ತಾಯಿ. ನಿಮ್ಮ ಮನೆಯ ಆರ್.ಆರ್. ನಂಬರು ಎಷ್ಟು?"

"ಕರೆಂಟೇ ಇಲ್ಲ ಅಯ್ನೋರೆ. ನಂಬ್ರ ಎಲ್ಲಿಂದ ತರ್ಲಿ?"

ಯಜಮಾನರು ಮೆಲ್ಲಗೆ ವಿವರಿಸಿದರು. ಹಳ್ಳದಾಚೆ ಕಾಡಿನ ಅಂಚಿನಲ್ಲಿ ಐದು ಮನೆಗಳಿವೆ. ಎಲ್ಲರೂ ಮುಳುಗಡೆಯವರು. ಜಾಗಕ್ಕೆ ಹಕ್ಕುಪತ್ರವಿಲ್ಲ, ಹಕ್ಕುಪತ್ರವಿಲ್ಲದ ಮೇಲೆ ಕಂಬವಿಲ್ಲ. ಅವರು ಇದನ್ನು ಹೇಳಿದ ರೀತಿಯಲ್ಲಿ ತಿರಸ್ಕಾರವೇನೂ ಇರಲಿಲ್ಲ, ಹಳ್ಳದಾಚೆ ಹಾಗೆಯೇ ಇರುತ್ತದೆ ಎಂಬ ಒಂದು ರೂಢಿ ಇತ್ತು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೆ ಆ ತಾಯಿಯ ಪ್ರಶ್ನೆಯೊಂದೇ ಕಾರಣವಾಗಿರಲಿಲ್ಲ. ನಲವತ್ತು ವರ್ಷಗಳ ಹಿಂದೆ ನಾನೇ ಮಾಡಿದ ಒಂದು ಕೆಲಸ ಎದುರಿಗೆ ಬಂದು ನಿಂತಿತ್ತು. ಅದನ್ನು ಹೇಳುವ ಮೊದಲು ನಮ್ಮ ನೆಲಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ಸ್ವಲ್ಪ ಹೇಳಬೇಕು. ಇಂದಿನ ಮಕ್ಕಳಿಗೆ ಜೋಗವೆಂದರೆ ಮಳೆಗಾಲದ ಪ್ರವಾಸ ಮಾತ್ರವಾಗಿದೆ.

ಜೋಗದ ಬಳಿ ಶರಾವತಿಯ ನೀರಿನಿಂದ ವಿದ್ಯುತ್ತು ಹುಟ್ಟತೊಡಗಿದ್ದು 1948ರಲ್ಲಿ. ಅದಕ್ಕಾಗಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಮುಂದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಅಣೆಕಟ್ಟೂ ನೀರಿನಡಿಗೆ ಹೋಯಿತು. ಬಿರುಬೇಸಗೆಯಲ್ಲಿ ನೀರಿಳಿದಾಗ ಇಂದಿಗೂ ಅದರ ಗೋಡೆ ಎದ್ದು ಕಾಣುತ್ತದೆ. ಲಿಂಗನಮಕ್ಕಿಯ 151 ಟಿ.ಎಂ.ಸಿ. ನೀರಿಗೆ ಸಾಗರ ತಾಲ್ಲೂಕಿನ 99 ಹಳ್ಳಿಗಳೂ ಹೊಸನಗರ ತಾಲ್ಲೂಕಿನ 76 ಹಳ್ಳಿಗಳೂ ಮುಳುಗಡೆಯ ಪಟ್ಟಿಗೆ ಸೇರಿದವು. ಸುಮಾರು 12,000 ಜನ ಮನೆ ಬಿಟ್ಟರು. ಹತ್ತು ಯಂತ್ರಗಳ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆಗಳು ಬೆಳೆದದ್ದು ಬಹುಮಟ್ಟಿಗೆ ಈ ಬೆಳಕಿನ ಬಲದಿಂದ. ಹೊಸನಗರ ತಾಲ್ಲೂಕಿನಲ್ಲಿ ಮುಂದೆ ಮಾಣಿಯ ಬಳಿ ವಾರಾಹಿಗೂ ಕಟ್ಟೆ ಬಿತ್ತು. ಒಂದೇ ತಾಲ್ಲೂಕು ಎರಡು ನದಿಗಳ ನೀರಿಗೆ ನೆಲ ಕೊಟ್ಟಿತು.

ನಮ್ಮ ತಾಯಿಯ ತವರುಮನೆ ಆ 76ರಲ್ಲಿ ಒಂದು. ನನಗೆ ಆಗ ಆರು ವರ್ಷ. ಅಜ್ಜ ಮನೆಯ ಬಾಗಿಲುವಾಡವನ್ನು ಕಿತ್ತು ಗಾಡಿಗೆ ಹೇರಿಸಿದ್ದು, ಅಜ್ಜಿ ಒಲೆಗೆ ಕೊನೆಯ ಸಲ ಸಗಣಿ ಸಾರಿಸಿ ಹೊರಟದ್ದು ಮಸುಕಾಗಿ ನೆನಪಿದೆ. ಮುಳುಗುವ ಒಲೆಗೆ ಏಕೆ ಸಾರಿಸಿದಳೆಂದು ತಾಯಿಯನ್ನು ಕೇಳಿದೆ. "ಹಂಗೇ ಬಿಟ್ಟು ಬರೂಕಾಗ್ತದೇನೋ" ಎಂದಳು. ಅಜ್ಜನಿಗೆ ಪಟ್ಟಾ ಭೂಮಿ ಇತ್ತು, ಅಷ್ಟಿಷ್ಟು ಪರಿಹಾರ ಸಿಕ್ಕಿತು. ಅವನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಮೂರು ಮನೆಯವರಿಗೆ ತೋರಿಸಲು ಕಾಗದವಿರಲಿಲ್ಲ. ಅಂಥವರನ್ನು ಜಿಲ್ಲೆಯ ಬೇರೆಬೇರೆ ತಾಲ್ಲೂಕುಗಳ ಅರಣ್ಯದಂಚಿಗೆ ಕಳುಹಿಸಿದರು. ನೀರು ಬರುವ ಮೊದಲು ಹೊರಡಬೇಕಾಗಿದ್ದುದರಿಂದ ಅನೇಕರು ಕಂಡ ಕಡೆ ಗುಡಿಸಲು ಹಾಕಿ ಕುಳಿತರು. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದದ್ದು ಈ ಜನರ ಕಥೆಯನ್ನೇ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆಯ ಒಂದು ಕಡತವೇ ಮುಚ್ಚಿದಂತಾಯಿತು.

ನಮ್ಮ ಮನೆಯಿದ್ದುದು ಸಾಗರ ತಾಲ್ಲೂಕಿನಲ್ಲಿ. ಬಾಲ್ಯದಲ್ಲಿ ನಾವು ದನ ಕಾಯುತ್ತಿದ್ದ ಬ್ಯಾಣದ ಮೇಲೆ ದೊಡ್ಡ ಉಕ್ಕಿನ ಗೋಪುರಗಳು ಸಾಲಾಗಿ ನಿಂತಿದ್ದವು. ಮಳೆಗಾಲದಲ್ಲಿ ಅವುಗಳ ತಂತಿಗಳು ಜೇನುಹುಳುಗಳಂತೆ ಗುಂಯ್ಗುಡುತ್ತಿದ್ದವು. ಅದರೊಳಗೆ ಬೆಳಕು ಹೋಗುತ್ತದೆ ಎಂದು ಅಪ್ಪ ಹೇಳಿದ್ದ. ಎಲ್ಲಿಗೆ ಎಂದು ಕೇಳಿದರೆ ಕೈಯನ್ನು ಮೂಡಣ ದಿಕ್ಕಿಗೆ ಚಾಚುತ್ತಿದ್ದ. ಮನೆಗೆ ಬಂದು ಚಿಮಣಿ ದೀಪದ ಗಾಜು ಒರೆಸುವುದು ನನ್ನ ಸಂಜೆಯ ಕೆಲಸ. 1968ರಲ್ಲಿ ಹತ್ತನೆಯ ವಯಸ್ಸಿಗೆ ಶ್ರೀಮಠದ ಪಾಠಶಾಲೆಗೆ ಸೇರಿದಾಗಲೂ ಕೌಮುದಿಯನ್ನು ಬಾಯಿಪಾಠ ಮಾಡಿದ್ದು ಅಂಥದೇ ದೀಪದಲ್ಲಿ. ಮಠಕ್ಕೆ ವಿದ್ಯುತ್ತು ಬಂದದ್ದು ನಾನು ಸೇರಿದ ಎಷ್ಟೋ ವರ್ಷಗಳ ಮೇಲೆ.

ಇನ್ನು ನನ್ನ ತಪ್ಪಿನ ಮಾತು.

1980ರ ದಶಕದಲ್ಲಿ ಭಾಗ್ಯಜ್ಯೋತಿ ಎಂಬ ಯೋಜನೆ ನಮ್ಮ ಹಳ್ಳಿಗಳಿಗೂ ಬಂತು. ಬಡವರ ಗುಡಿಸಲಿಗೆ ಒಂದೇ ಒಂದು ದೀಪದ ಸಂಪರ್ಕ. ನಲವತ್ತು ವಾಟಿನ ಒಂದು ಬಲ್ಬು ಇಪ್ಪತ್ತೈದು ಗಂಟೆ ಉರಿದರೆ ಒಂದು ಯೂನಿಟ್ ಆಗುತ್ತದೆ. ದಿನಕ್ಕೆ ನಾಲ್ಕು ಗಂಟೆ ಉರಿಸಿದರೂ ತಿಂಗಳಿಗೆ ಐದು ಯೂನಿಟ್ ಮುಟ್ಟದು. ಅಷ್ಟು ಸಣ್ಣ ದಾನ, ಆದರೆ ಆ ಮನೆಗಳಿಗೆ ಅದೇ ಸೂರ್ಯೋದಯ. ನಾನು ಆಗ ಶ್ರೀಮಠದ ಶಾಲೆಯಲ್ಲಿ ಹೊಸ ಅಧ್ಯಾಪಕ, ಇಪ್ಪತ್ತೈದರ ಹರೆಯ. ಅಕ್ಷರ ಬಲ್ಲವನೆಂದು ಮಠದ ಸುತ್ತಲಿನ ಕೇರಿಗಳ ಬಡ ಮನೆಗಳ ಪಟ್ಟಿಯನ್ನು ಬರೆದುಕೊಡಲು ನನಗೆ ಹೇಳಿದರು. ಮನೆಗೆ ಪಂಚಾಯಿತಿಯ ನಂಬರು ಇರಬೇಕು, ಜಾಗದ ದಾಖಲೆ ಇರಬೇಕು ಎಂದು ಮೌಖಿಕವಾಗಿ ತಿಳಿಸಿದ್ದರು. ಸೂತ್ರವನ್ನು ಅಕ್ಷರಶಃ ಅನ್ವಯಿಸುವುದನ್ನು ಕಲಿತು ಬಂದವನು ನಾನು. ಹತ್ತೊಂಬತ್ತು ಮನೆಗಳನ್ನು ಬರೆದು, ಏಳರ ಮೇಲೆ ಗೀಟು ಎಳೆದೆ. ಆ ಏಳೂ ಮುಳುಗಡೆಯಿಂದ ಬಂದು ಕಾನಿನ ಅಂಚಿನಲ್ಲಿ ಕುಳಿತವರವು.

ಅವುಗಳಲ್ಲಿ ಒಂದು, ದಾಸೋಹದ ಮನೆಯಲ್ಲಿ ಪಾತ್ರೆ ಬೆಳಗುತ್ತಿದ್ದ ವಿಧವೆಯೊಬ್ಬರ ಮನೆ. ಮಗ ನನ್ನ ಶಿಷ್ಯನೇ, ಏಳನೆಯ ತರಗತಿ. ಪಟ್ಟಿಯಲ್ಲಿ ಹೆಸರಿಲ್ಲವೆಂದು ತಿಳಿದಾಗ ಆಕೆ ಏನೂ ಹೇಳಲಿಲ್ಲ. ಮರುದಿನ ಎಂದಿನಂತೆಯೇ ಬಂದು ಹಂಡೆಗಳನ್ನು ಬೆಳಗಿದರು. ಕೇರಿಗೆ ತಂತಿ ಎಳೆದರು. ಹನ್ನೆರಡು ಗುಡಿಸಲುಗಳು ಬೆಳಗಿದವು. ಆ ಏಳು ಕತ್ತಲೆಯಲ್ಲಿ ಉಳಿದವು. ಒಂದು ಸಂಜೆ ಪೂಜ್ಯರು ಪ್ರಾಕಾರದಲ್ಲಿ ನಡೆದಾಡುವಾಗ ಆ ಹುಡುಗ ಮಠದ ಕಟ್ಟೆಯ ಮೇಲೆ, ಹೆಬ್ಬಾಗಿಲ ಬಲ್ಬಿನ ಕೆಳಗೆ ಪುಸ್ತಕ ಹಿಡಿದು ಕುಳಿತಿದ್ದುದನ್ನು ಕಂಡರು. ನನ್ನನ್ನು ಕರೆಸಿ ವಿಚಾರಿಸಿದರು. ನಾನು ನಿಯಮವನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ನಿಯಮದ ಕಾಗದವನ್ನು ನೀವು ಓದಿದ್ದಿರೋ ಶಾಸ್ತ್ರಿಗಳೇ, ಕೇಳಿದ್ದಿರೋ?" ಎಂದರು. ಕೇಳಿದ್ದೆ, ಬುದ್ಧಿ, ಎಂದೆ. "ಪಾಠಾಂತರ ನೋಡದೆ ಶ್ಲೋಕಕ್ಕೆ ಅರ್ಥ ಹೇಳುವುದಿಲ್ಲ ನೀವು" ಎಂದಷ್ಟೇ ನುಡಿದು ಒಳಗೆ ಹೋದರು. ಅಂದಿನಿಂದ ಆ ಕಟ್ಟೆಯ ಮೇಲೆ ರಾತ್ರಿ ಹತ್ತರವರೆಗೆ ದೀಪ ಉರಿಸಬೇಕೆಂದು ಅಪ್ಪಣೆಯಾಯಿತು. ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ ಬೆಂಗಳೂರಿನ ಹೋಟೆಲೊಂದಕ್ಕೆ ಹೋದ. ತಾಯಿ ತೀರಿಕೊಂಡದ್ದು ಆ ಕತ್ತಲೆಯ ಮನೆಯಲ್ಲಿಯೇ. ಪೂಜ್ಯರೂ ಲಿಂಗೈಕ್ಯರಾಗಿ ಬಹುಕಾಲವಾಯಿತು.

ಗೃಹಜ್ಯೋತಿಯ ಕಾಗದವನ್ನು ಈ ಸಲ ನಾನು ಓದಿದೆ. ಮಠದ ಶಾಲೆಯ ತರುಣ ಅಧ್ಯಾಪಕರೊಬ್ಬರು ಆದೇಶದ ಪ್ರತಿಯನ್ನು ತಂದುಕೊಟ್ಟರು. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತವೆಂದು ಜನ ಹೇಳುತ್ತಾರೆ. ಪೂರ್ತಿ ನಿಜ ಅದಲ್ಲ. 2022–23ನೆಯ ವರ್ಷದಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇ. 10 ಸೇರಿಸಿ, ಅಷ್ಟು ಉಚಿತ. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಳಕ್ಕೆ ಹಣ ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲನ್ನೂ ಕಟ್ಟಬೇಕು. 2023ರ ಜೂನ್ 30ರವರೆಗಿನ ಹಳೆಯ ಬಾಕಿಯನ್ನು ಮೂರು ತಿಂಗಳೊಳಗೆ ತೀರಿಸಬೇಕು ಎಂಬ ಷರತ್ತೂ ಇತ್ತು.

ಅದೇ ಶ್ರಾವಣದಲ್ಲಿ ತೀರ್ಥಹಳ್ಳಿ ತಾಲ್ಲೂಕಿಗೆ ಹೋದಾಗ ಕವಲೇದುರ್ಗದ ದಾರಿಯ ಒಂದು ಹಳ್ಳಿಯಲ್ಲಿ ಎರಡು ಬಿಲ್ಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಒಂದು, ಮಿಕ್ಸಿ, ಫ್ರಿಜ್ಜು, ಟಿ.ವಿ. ಇರುವ ಮನೆಯದು. ಸರಾಸರಿ 140 ಯೂನಿಟ್. ಅವರಿಗೆ ಮೇಲೆ ಸಿಕ್ಕಿದ್ದು 14. ಇನ್ನೊಂದು, ಅವರ ತೋಟಕ್ಕೆ ಕೆಲಸಕ್ಕೆ ಬರುವ ದಂಪತಿಗಳದು. ಎರಡು ಬಲ್ಬು, ಒಂದು ಮೊಬೈಲು. ಸರಾಸರಿ 20. ಅವರಿಗೆ ಸಿಕ್ಕಿದ್ದು 2 ಯೂನಿಟ್. ಸೆಕೆಗೆ ಒಂದು ಫ್ಯಾನು ತಂದರೆ ಆ ಎರಡು ಯೂನಿಟ್ ಕೆಲವೇ ದಿನಕ್ಕೆ ಮುಗಿಯುತ್ತದೆ. "ನಾವು ಮೊದಲೇ ಜಾಸ್ತಿ ಉರಿಸಿದ್ರೆ ಈಗ ಜಾಸ್ತಿ ಸಿಕ್ತಿತ್ತು, ಅಲ್ದಾ?" ಎಂದು ಆ ಗಂಡಸು ನಗುತ್ತಲೇ ಕೇಳಿದ. ಬಿಲ್ಲಿಗೆ ಹೆದರಿ ದೀಪ ಆರಿಸಿ ಕುಳಿತವನಿಗೆ ಆ ಹೆದರಿಕೆಯೇ ಅವನ ಪಾಲಿನ ಅಳತೆಯಾಯಿತು. ಇದು ಆಳುವವರಿಗೂ ಹೊಳೆದಿರಬೇಕು. 2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಕಡಿಮೆ ಬಳಸುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಕೊಡುವಂತೆ ಬದಲಾಯಿಸಿತು. ತಿದ್ದಿದ್ದಕ್ಕೆ ಅಭಿನಂದಿಸಬೇಕು.

ಕವಲೇದುರ್ಗದ ಹೆಸರೆತ್ತಿದ ಮೇಲೆ ಕೆಳದಿಯ ಅರಸರನ್ನು ನೆನೆಯದೆ ಮುಂದುವರಿಯಲಾಗದು. ಕೆಳದಿ, ಇಕ್ಕೇರಿಗಳು ಸಾಗರದಲ್ಲಿವೆ, ಬಿದನೂರು ಹೊಸನಗರದಲ್ಲಿದೆ, ಕವಲೇದುರ್ಗ ತೀರ್ಥಹಳ್ಳಿಯಲ್ಲಿದೆ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ 'ಶಿಸ್ತು' ಎಂಬ ಭೂಕಂದಾಯದ ಏರ್ಪಾಡು ನಮ್ಮವರಿಗೆಲ್ಲ ಹೆಸರಿನಿಂದ ಗೊತ್ತು. ಆತ ಪ್ರತಿ ಊರಿನಲ್ಲಿ ಒಂದೊಂದು ಬಗೆಯ ಒಂದೊಂದು ಹೊಲವನ್ನು ತಾನೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಬೆಳೆ ಎಲ್ಲವನ್ನೂ ಬರೆಸಿ, ಸರಾಸರಿ ತೆಗೆದು, ಅದರ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ಗೊತ್ತುಮಾಡಿದನೆಂಬ ಹೇಳಿಕೆಯನ್ನು ಬಿ. ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಅರಸೊತ್ತಿಗೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಹನ್ನೆರಡು ಮಳೆಗಾಲ ಕಾದು ಅಳೆದವನಿಗೂ ಒಂದು ವರ್ಷದ ಲೆಕ್ಕದಿಂದ ಮನೆಯ ಅಗತ್ಯವನ್ನು ನಿರ್ಧರಿಸುವುದಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯಿತು, ಅಷ್ಟೆ.

ಅಳತೆಯ ಜಗಳ ನಮ್ಮ ಸೀಮೆಗೆ ಹೊಸದೂ ಅಲ್ಲ. 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದೇ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಮೇಲೆ. ಗಣಪತಿಯಪ್ಪನವರು ಮುಂದೆ ನಿಂತ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಆ ಕಾಲದಲ್ಲಿ ಗೇಣಿ ಅಳೆಸಿಕೊಳ್ಳುತ್ತಿದ್ದವರಲ್ಲಿ ನಮ್ಮ ಸಮಾಜದ ಮನೆಗಳೂ ಇದ್ದವೆಂಬುದನ್ನು ಈ ಪತ್ರಿಕೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು?

ಈ ಸಂಕೋಚದ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ಎರಡು ವರ್ಷಗಳಿಂದ ಭಕ್ತರ ಮನೆಗಳ ಪಡಸಾಲೆಯಲ್ಲಿ ನಾನು ಪದೇಪದೇ ಕೇಳುವ ಶಬ್ದ 'ಬಿಟ್ಟಿ'. ಬಿಟ್ಟಿ ಕರೆಂಟು ಕೊಟ್ಟು ಜನರನ್ನು ಸೋಮಾರಿ ಮಾಡಿದರು, ಕಾಯಕವೇ ಕೈಲಾಸ ಎನ್ನುವ ಧರ್ಮ ನಮ್ಮದು, ನೀವಾದರೂ ಹೇಳಿ ಅಯ್ಯನವರೇ ಎಂದು ನನ್ನನ್ನು ಸಾಕ್ಷಿಗೆ ಕರೆಯುತ್ತಾರೆ. ಇದನ್ನು ಹೇಳುವ ಹಿರಿಯರ ತೋಟದ ಪಂಪುಸೆಟ್ಟು 10 ಅಶ್ವಶಕ್ತಿಯೊಳಗಿನದು. ಅದಕ್ಕೆ 2008ರಿಂದ ಬಿಲ್ಲಿಲ್ಲ. ಅದನ್ನು ನಾವು ಬಿಟ್ಟಿ ಎನ್ನುವುದಿಲ್ಲ, ರೈತನ ಹಕ್ಕು ಎನ್ನುತ್ತೇವೆ. ಹಾಗೆ ಎನ್ನುವುದು ತಪ್ಪೆಂದು ನಾನೂ ಹೇಳೆನು. ಆದರೆ ಅದೇ ತೋಟದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೊನೆ ಹೊತ್ತು ಹೋದವಳ ಮನೆಯ ಎರಡು ಬಲ್ಬಿಗೆ ಬೇರೆ ಶಬ್ದ ಏಕೆ? ಕಾಯಕ ಮಾಡದೆ ಉಣ್ಣುವವರು ಆ ಕೇರಿಯಲ್ಲಿ ಯಾರಿದ್ದಾರೆಂದು ನಾನು ಹುಡುಕಿದ್ದೇನೆ. ಸಿಕ್ಕಿಲ್ಲ.

ಹಣದ ಪ್ರಶ್ನೆ ಮಾತ್ರ ನಿಜವಾದದ್ದು. ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿ ಬೊಕ್ಕಸದಿಂದ ಹೋಗಬೇಕು. ಅದು ವಿದ್ಯುತ್ ಸಂಸ್ಥೆಗಳಿಗೆ ಸಕಾಲಕ್ಕೆ ಮುಟ್ಟದಿದ್ದರೆ ಮುರಿದ ಕಂಬ ಬದಲಾಗುವುದಿಲ್ಲ. ಬೆಳಕು ಉಚಿತವಾಗಿ, ತಂತಿ ನೆಲಕ್ಕೆ ಬಿದ್ದಿದ್ದರೆ ಏನು ಫಲ? 2023ರಲ್ಲಿ ಮಳೆ ಕೈಕೊಟ್ಟು ಲಿಂಗನಮಕ್ಕಿ ತುಂಬಲಿಲ್ಲ. ಅಕ್ಟೋಬರಿನಲ್ಲಿ ರಾಜ್ಯದಲ್ಲೆಲ್ಲ ವಿದ್ಯುತ್ ಕೊರತೆಯಾಯಿತು. ಉಳ್ಳವರ ಮನೆಯಲ್ಲಿ ಇನ್ವರ್ಟರ್ ಇತ್ತು. ಹೆಚ್ಚು ಬಳಸುವ ನನ್ನಂಥವರು ಸ್ವಲ್ಪ ಕೊಡಬಹುದಿತ್ತಲ್ಲ ಎಂದು ನನಗೆ ಅನ್ನಿಸಿದ್ದುಂಟು. ಪಿಂಚಣಿ ಬರುವ ನನಗೂ ಸೊನ್ನೆ, ಕೂಲಿಯವನಿಗೂ ಸೊನ್ನೆ, ಹಳ್ಳದಾಚೆಯವರಿಗೆ ಸೊನ್ನೆ ಬರೆಯುವ ಕಾಗದವೇ ಇಲ್ಲ.

ಅಡುಗೆಯ ಒಲೆಯ ಸಂಗತಿಯೂ ಹೀಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯನ್ನು ನಮ್ಮ ದಾಸೋಹದ ಮನೆಗೂ ಹಾಕಿಸಿದ್ದೆವು. ಹೊಗೆ ಕಡಿಮೆಯಾಯಿತು, ಕಟ್ಟಿಗೆಯೂ ಉಳಿಯಿತು. ಆದರೆ ಇನ್ನೂರು ಜನರ ಹಂಡೆ ಅದರ ಮೇಲೆ ಕೂರದೆಂದು ಅಡುಗೆಯವರು ಎರಡೇ ವರ್ಷಕ್ಕೆ ಕಿತ್ತುಹಾಕಿದರು. 2016ರಲ್ಲಿ ಉಜ್ವಲಾ ಯೋಜನೆಯಿಂದ ಅನೇಕ ಬಡ ಮನೆಗಳಿಗೆ ಅನಿಲ ಸಿಲಿಂಡರು ಬಂತು. ಮುಂದೆ 2023ರ ಅಕ್ಟೋಬರಿನಲ್ಲಿ ಸಿಲಿಂಡರಿಗೆ 300 ರೂಪಾಯಿ ಸಹಾಯಧನವೂ ಆಯಿತು. ಆದರೂ ನಾನು ಹೋದ ಮನೆಗಳಲ್ಲಿ ಆ ಸಿಲಿಂಡರು ಬಹುಪಾಲು ನೆಂಟರು ಬಂದಾಗ ಚಹಾ ಕಾಸುವುದಕ್ಕೆ. ಒಂದೇ ಸಲಕ್ಕೆ ಅಷ್ಟು ದುಡ್ಡು ಕೂಲಿಯ ಮನೆಯಲ್ಲಿ ಕೂಡುವುದಿಲ್ಲ. ದಿನದ ಅನ್ನ ಬೇಯುವುದು ಸೌದೆಯ ಮೇಲೆಯೇ. ಮನೆಯೊಡತಿಯ ಕೆಮ್ಮು ಕೇಳಿದರೆ ಒಲೆ ಯಾವುದೆಂದು ತಿಳಿಯುತ್ತದೆ.

ಹಳ್ಳದಾಚೆಗೆ ಮರಳುತ್ತೇನೆ. ಮರುದಿನ ಬೆಳಿಗ್ಗೆ ಆ ತಾಯಿಯ ಮನೆಗೆ ಹೋದೆ. ಯಜಮಾನರು ತಾವಾಗಿ ಜೊತೆಗೆ ಬಂದರು. ಅಡಿಕೆ ದಬ್ಬೆಯ ಸಂಕ ದಾಟಿದರೆ ಐದು ಮನೆ. ಸಾರಿಸಿದ ಅಂಗಳ, ಕಟ್ಟೆಯ ಮೇಲೆ ತುಳಸಿ. ಸಂಸ್ಥೆಯೊಂದು ಕೊಟ್ಟ ಸೌರದೀಪ ಮೂಲೆಯಲ್ಲಿತ್ತು, ಮಳೆಗಾಲದಲ್ಲಿ ಅದಕ್ಕೆ ಬಿಸಿಲೆಲ್ಲಿ? ಗೋಡೆಯಲ್ಲಿ ಚಿಮಣಿ ಇಡುವ ಗೂಡು, ಮೇಲೆ ಮಸಿ. ಪಡಿತರದ ಸೀಮೆಎಣ್ಣೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಚಿಮಣಿಗೂ ಬರ. ಮೊಮ್ಮಗಳು ಒಂಬತ್ತನೆಯ ತರಗತಿ. ಪೆಟ್ಟಿಗೆಯಿಂದ ತಾಯಿ ತೆಗೆದ ಕಾಗದವೊಂದನ್ನು ಮಡಿಕೆ ಹರಿಯದಂತೆ ಬಿಡಿಸಿದೆ. ಮುಳುಗಡೆಯ ಕಾಲದಲ್ಲಿ ಅವರ ಮಾವನಿಗೆ ಕೊಟ್ಟ ಚೀಟಿ. ಇಂಥ ಊರನ್ನು ತೆರವು ಮಾಡಿ ಹೊರಟವನೆಂದು ಇದೆ. ಎಲ್ಲಿಗೆ ಹೋಗಬೇಕೆಂದು ಇಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರು ಅರ್ಜಿ ಹಾಕಿದ್ದರಂತೆ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ನೆಲೆಸಿರುವುದಕ್ಕೆ ದಾಖಲೆ ತೋರಿಸಬೇಕೆಂದು ಆ ಕಾಯ್ದೆ ಹೇಳುತ್ತದೆ. 1960ರ ದಶಕದಲ್ಲಿ ನೀರು ಏರಿಸಿ ಕಾಡಿಗೆ ಕಳುಹಿಸಿದವರನ್ನು, ನೀವು ಕಾಡಿಗೆ ಬಂದು 75 ವರ್ಷವಾಗಿದೆಯೇ ಎಂದು ಕೇಳಿದರೆ ಅವರು ಏನು ಹೇಳಬೇಕು? ಅರವತ್ತು ವರ್ಷಗಳ ಮೇಲೂ ಈ ಗಂಟು ಬಿಚ್ಚಿಲ್ಲ. ಸಿಗಂದೂರಿನ ಹಿನ್ನೀರಿಗೆ 2025ರ ಜುಲೈ 14ರಂದು ಸೇತುವೆ ತೆರೆಯಿತು. ಬಾರ್ಜಿಗಾಗಿ ಕಾದು ಕಾದು ಬೇಸತ್ತಿದ್ದ ದ್ವೀಪದ ಜನಕ್ಕೆ ಅದು ದೊಡ್ಡ ಸಮಾಧಾನ. ಹಕ್ಕುಪತ್ರದ ಹಿನ್ನೀರಿಗೆ ಸೇತುವೆ ಇನ್ನೂ ಆಗಬೇಕು. ಇದರ ನಡುವೆಯೇ ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಭೂಗತ ಜಲವಿದ್ಯುತ್ ಯೋಜನೆಯ ಮಾತು ನಡೆದಿದೆ, ಅದಕ್ಕೆ ವಿರೋಧವೂ ನಡೆದಿದೆ. ಹೊಸ ಬೆಳಕಿನ ಲೆಕ್ಕ ಬರೆಯುವ ಮೊದಲು ಹಳೆಯ ಬಾಕಿ ತೀರಿಸಿರೆಂದು ಅಲ್ಲಿಯ ಜನ ಕೇಳಿದರೆ ಅದನ್ನು ಅಭಿವೃದ್ಧಿಯ ದ್ವೇಷವೆನ್ನಲಾಗದು.

ಹಕ್ಕುಪತ್ರ ನನ್ನ ಕೈಯ ಮಾತಲ್ಲ. ದೀಪದ ಮಾತನ್ನಾದರೂ ನೋಡೋಣವೆಂದು ಈ ಸಲ ಪೂಜ್ಯರು ಹೇಳಿದಂತೆ ಪಾಠಾಂತರ ನೋಡಿದೆ. 2003ರ ವಿದ್ಯುತ್ ಕಾಯ್ದೆಯ 43ನೆಯ ಕಲಮು, ಕಟ್ಟಡದ ಒಡೆಯನಾಗಲಿ ಅಲ್ಲಿ ವಾಸಿಸುವವನಾಗಲಿ ಅರ್ಜಿ ಕೊಟ್ಟರೆ ಸಂಪರ್ಕ ಕೊಡಬೇಕೆಂದು ಹೇಳುತ್ತದೆ. 'ಆಗಲಿ' ಎಂಬ ಆ ಅವ್ಯಯದಲ್ಲಿ ಎಷ್ಟು ಮನೆಗಳಿಗೆ ಬೆಳಕಿದೆ! ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮಿನಲ್ಲಿ ಅರಣ್ಯವಾಸಿಗಳ ಊರಿಗೆ ವಿದ್ಯುತ್ ತಂತಿ, ರಸ್ತೆ, ಶಾಲೆ ಮುಂತಾದವುಗಳಿಗಾಗಿ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿನೊಳಗಿನ ಅರಣ್ಯಭೂಮಿಯನ್ನು ಬಿಟ್ಟುಕೊಡಲು ಅವಕಾಶವಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು. ಕಂಬಕ್ಕೆ ಅಷ್ಟು ಬೇಕಾಗುವುದೂ ಇಲ್ಲ. ಓದುಗ ಬಂಧುಗಳ ಊರುಗಳಲ್ಲಿ ಇಂಥ ಮನೆಗಳಿದ್ದರೆ ಈ ಎರಡು ಕಲಮುಗಳನ್ನು ಬರೆದಿಟ್ಟುಕೊಳ್ಳಬೇಕು.

ಗ್ರಾಮಸಭೆಯಲ್ಲಿ ಠರಾವು ಮಾಡಿಸಲು ಯಜಮಾನರು ನಿಂತರು. ಅವರ ಮಾತಿಗೆ ಊರಿನಲ್ಲಿ ತೂಕವಿದೆ. ಅದನ್ನು ಅವರು ಹಿಂದೆ ಈ ಕೆಲಸಕ್ಕೆ ಬಳಸಿರಲಿಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ. ಅರ್ಜಿಯನ್ನು ನಾನು ನನ್ನ ಕೈಬರಹದಲ್ಲಿಯೇ ಬರೆದೆ. ಐದೂ ಮನೆಗಳದು, ಈ ಸಲ ಗೀಟು ಎಳೆಯಲಿಲ್ಲ. ಕಛೇರಿಗೆ ಏಳು ಬಾರಿ ಹೋಗಬೇಕಾಯಿತು. ಒಂದು ಕಡೆ ಅರಣ್ಯದವರ ಒಪ್ಪಿಗೆ ತನ್ನಿರೆಂದರು, ಇನ್ನೊಂದು ಕಡೆ ವಿದ್ಯುತ್ತಿನವರ ನಕ್ಷೆ ತನ್ನಿರೆಂದರು. ಒಬ್ಬ ತರುಣ ಇಂಜಿನಿಯರು ಮಾತ್ರ ಕಲಮನ್ನು ತಾನೇ ಎರಡು ಸಲ ಓದಿ, ಸ್ಥಳಕ್ಕೆ ಬಂದು, ಕಂಬದಿಂದ ಅಳತೆ ಹಿಡಿದ. ಹಳ್ಳಕ್ಕೆ ಹತ್ತಿರವಿದ್ದ ಆ ತಾಯಿಯ ಮನೆಗೆ 2024ರ ಬೇಸಗೆಯಲ್ಲಿ ಸಂಪರ್ಕ ಸಿಕ್ಕಿತು. ಹಿಂದಿನ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ 53 ಯೂನಿಟನ್ನೇ ಆಧಾರವಾಗಿ ಇಟ್ಟಿದ್ದರು. ಹೀಗಾಗಿ ಇಷ್ಟು ಕಾಲ ಕತ್ತಲೆಯಲ್ಲಿದ್ದ ಆ ಮನೆಯ ಪಾಲು, ಬಿಲ್ಲಿಗೆ ಹೆದರಿ ದೀಪ ಆರಿಸುತ್ತಿದ್ದ ತೀರ್ಥಹಳ್ಳಿಯ ಆ ಮನೆಗಿಂತ ದೊಡ್ಡದಾಯಿತು! ಲೆಕ್ಕದ ವಿಚಿತ್ರವನ್ನು ನೋಡಿ ನಾನೂ ಯಜಮಾನರೂ ನಕ್ಕೆವು.

ಮೊದಲ ಬಿಲ್ಲನ್ನು ಮೊಮ್ಮಗಳು ಓದಿದಳು. ಬಳಸಿದ್ದು 9 ಯೂನಿಟ್, ಕಟ್ಟಬೇಕಾದ್ದು ಸೊನ್ನೆ. ಆ ತಾಯಿ ಚೀಟಿಯನ್ನು ಮುಳುಗಡೆಯ ಕಾಗದದ ಜೊತೆಗೆ ಅದೇ ಪೆಟ್ಟಿಗೆಯಲ್ಲಿ ಇಟ್ಟರು. ಚಿಮಣಿಯನ್ನು ಗೂಡಿನಿಂದ ತೆಗೆದಿರಲಿಲ್ಲ. ಏಕೆಂದು ಕೇಳಿದೆ. "ಮಳೆ ಬಂದ್ರೆ ಲೈನು ಹೋಗ್ತದಲ್ಲ ಅಯ್ನೋರೆ" ಎಂದರು.

ಉಳಿದ ನಾಲ್ಕು ಮನೆಗಳು ಇನ್ನೂ ಒಳಗಿವೆ. ಅಲ್ಲಿಗೆ ಎರಡು ಕಂಬ ಹೆಚ್ಚು ಬೇಕು, ಆ ಎರಡು ಕಂಬ ನಿಲ್ಲುವ ಜಾಗ ಯಾರದೆಂಬ ಪತ್ರವ್ಯವಹಾರ ನಡೆದಿದೆ. ಕಾರ್ತಿಕದಲ್ಲಿ ಆ ಊರಿನಲ್ಲಿ ಮತ್ತೆ ಪ್ರವಚನವಿದೆ. ಠರಾವಿನ ಪ್ರತಿ, ಅರ್ಜಿಯ ಪ್ರತಿ, ಸ್ವೀಕೃತಿ ಚೀಟಿಗಳನ್ನು ಪಂಚಾಂಗದ ಜೊತೆಗೆ ಕೈಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಒಂದು ದಿನ ಮೊದಲೇ ಹೊರಟು ಕಛೇರಿಗೆ ಹೋಗಿ ಆಮೇಲೆ ಊರಿಗೆ ಬರುವೆನೆಂದು ಯಜಮಾನರಿಗೆ ಹೇಳಿಕಳುಹಿಸಿದ್ದೇನೆ.